ನೀರಿನ ಕಾರ್ಡು

ಅವತ್ತು ಬೆಳಿಗ್ಗೆ ಒಂದು ಎಲೆಯೂ ಅಲುಗಲಿಲ್ಲ. ಏಳು ಗಂಟೆಗೇ ಆಕಾಶ ಬೂದಿ ಬಳಿದ ಹಂಡೆಯ ತಳದ ಹಾಗಿತ್ತು. ಮೋಡವೂ ಅಲ್ಲ, ಬಿಸಿಲೂ ಅಲ್ಲ. ಮೇಲೆ ಮುಚ್ಚಳ ಹಾಕಿ ಕೆಳಗೆ ಸಣ್ಣ ಉರಿ ಇಟ್ಟ ಹಾಗೆ ಒಂದು ಕಾವು. ಬೀದಿಯ ನಾಯಿಗಳು ಚರಂಡಿ ಪಕ್ಕದ ಹಸಿಮಣ್ಣು ಕೆರೆದು ಹೊಟ್ಟೆ ಊರಿ ಮಲಗಿದ್ದವು. ಆಯಮ್ಮ ಮಗಳ ಕೈ ಹಿಡಿದು ಶಾಲೆಯ ಗೇಟು ದಾಟುವಾಗ ತಗಡಿನ ಚಾವಣಿ ಟಿಕ್ ಟಿಕ್ ಅಂತ ಸದ್ದು ಮಾಡುತ್ತಿತ್ತು. ಕಾದ ತಗಡು ಹಿಗ್ಗುವ ಸದ್ದು ಅದು, ಅವಳಿಗೆ ಗೊತ್ತಿತ್ತು. ಆದರೂ ಅವತ್ತು ಮೇಲೆ ಯಾರೋ ಕೂತು ಬೆರಳು ಮಡಚಿ ಏನನ್ನೋ ಎಣಿಸುತ್ತಿದ್ದಾರೆ ಅನ್ನಿಸಿತು.

ಆ ಶಾಲೆಗೆ ಬರುವುದು ಹದಿನೇಳು ಮಕ್ಕಳು. ಕೆಲವರಿಗೆ ಕಾಲು ಇದ್ದೂ ಇಲ್ಲದ ಹಾಗೆ. ಕೆಲವರ ಕೈ ಹೇಳಿದ ಮಾತು ಕೇಳುವುದಿಲ್ಲ. ಬಹಳ ಜನಕ್ಕೆ ಮಾತೇ ಬರುವುದಿಲ್ಲ. ದೇವರು ಹಂಚುವ ಅವಸರದಲ್ಲಿ ಒಬ್ಬೊಬ್ಬರಿಗೆ ಒಂದೊಂದು ಮರೆತಿರಬಹುದು. ಆದರೆ ಬಾಯಾರಿಕೆ ಕೊಡುವುದನ್ನು ಅವನು ಯಾರಿಗೂ ಮರೆಯಲಿಲ್ಲ.

ಅಷ್ಟು ಮಕ್ಕಳಿಗೆ ಆಯಮ್ಮ ಒಬ್ಬಳೇ. ವ್ಯಾನಿನಿಂದ ಇಳಿಸಬೇಕು, ಗಾಲಿಕುರ್ಚಿಗೆ ಎತ್ತಬೇಕು, ಬೆಲ್ಟು ಕಟ್ಟಬೇಕು. ಜೊಲ್ಲು ಒರೆಸಬೇಕು. ಬಾತ್‌ರೂಮಿಗೆ ಹೊರಬೇಕು, ತೊಳೆಯಬೇಕು, ಚಡ್ಡಿ ಬದಲಿಸಬೇಕು, ಮತ್ತೆ ಹೊತ್ತು ತರಬೇಕು. ಹದಿನೇಳು ಮಕ್ಕಳು, ಒಂದು ಬಾತ್‌ರೂಮು, ಒಂದು ಸೊಂಟ. ಫಿನಾಯಿಲಿಗೆ ಅವಳ ಬೆರಳಸಂದಿ ಒಡೆದಿತ್ತು. ರಾತ್ರಿ ಊಟಕ್ಕೆ ಕೂತರೆ ಉಪ್ಪು ತಾಗಿ ಚುರ್ ಅನ್ನುತ್ತಿತ್ತು.

ಆದರೂ ಅವಳು ಗೊಣಗಿದವಳಲ್ಲ. ಅದಕ್ಕೆ ಕಾರಣ ಅವಳ ಮಗಳು ಗುಬ್ಬಿ. ಹನ್ನೊಂದು ವರ್ಷದ ಗುಬ್ಬಿ ತೂರಾಡಿಕೊಂಡು ನಡೆಯುತ್ತಾಳೆ, ಮಾತಿಲ್ಲ. ಈ ಶಾಲೆ ಸಿಗುವ ಮೊದಲು ಆಯಮ್ಮ ಬೇರೆಯವರ ಮನೆ ಪಾತ್ರೆಗೆ ಹೋಗುವಾಗ ಮಗಳನ್ನು ಮಂಚದ ಕಾಲಿಗೆ ಕಟ್ಟಿ ಹೋಗುತ್ತಿದ್ದಳು. ಹಳೆ ಬಟ್ಟೆ ಹರಿದು ಹೆಣೆದ ಮೆತ್ತನೆ ಹಗ್ಗ. ಮೆತ್ತಗಿದ್ದರೂ ಹಗ್ಗ ಹಗ್ಗವೇ. ನಾಲ್ಕು ಶಾಲೆಗಳು "ಇಂಥವರನ್ನ ತಗೊಳ್ಳಲ್ಲ" ಅಂದಿದ್ದವು. ಈ ಶಾಲೆ ನಡೆಸುವ ದೊಡ್ಡ ಮೇಡಂ ಮಾತ್ರ, "ನೀನು ಇಲ್ಲಿ ಕೆಲಸಕ್ಕೆ ಬಾ, ನಿನ್ನ ಮಗಳೂ ಬರಲಿ" ಅಂದಿದ್ದರು. ಆ ಒಂದು ಮಾತಿಗೆ ಆಯಮ್ಮ ಐದು ವರ್ಷದಿಂದ ತಲೆ ಬಗ್ಗಿಸಿಕೊಂಡೇ ಇದ್ದಳು.

ವ್ಯಾನು ಬಂತು. ಓಡಿಸುವವನಿಗೆ ಎಲ್ಲರೂ ಪೈಲಟ್ ಅನ್ನುತ್ತಾರೆ. ಬಾಗಿಲು ಎಳೆದು ದಿನಾ ಕೂಗುವ ಹಾಗೆ ಕೂಗಿದ. "ಪ್ರಯಾಣಿಕರ ಗಮನಕ್ಕೆ! ವಿಮಾನ ನೆಲ ಮುಟ್ಟಿದೆ. ಜೊಲ್ಲು ಸುರಿಸುವವರು ಎಡಗಡೆಯಿಂದ, ಒದೆಯುವವರು ಬಲಗಡೆಯಿಂದ ಇಳಿಯತಕ್ಕದ್ದು!"

ಒಳಗೆ ಮಕ್ಕಳು ಕೇಕೆ ಹಾಕಿದರು. ಮೊದಲು ಇಳಿಯುವವನು ಕಮಾಂಡರ್. ಹತ್ತು ವರ್ಷದ ಹುಡುಗ. ಕಾಲು ಎರಡೂ ಕಡ್ಡಿ, ಎಡಗೈ ಎದೆಗೆ ಮಡಚಿಕೊಂಡೇ ಇರುತ್ತದೆ. ಅವನ ಮಾತು ಕೇಳುವುದು ಬಲಗೈ ಒಂದೇ. ಆ ಕೈಯಲ್ಲಿ ಕಂಡ ಕಂಡವರಿಗೆಲ್ಲ ಸಲ್ಯೂಟು ಹೊಡೆಯುತ್ತಾನೆ. ಕಸ ಎತ್ತುವವನಿಗೂ, ನಾಯಿಗೂ. ತಾಯಿ ತಂದೆ ಇಲ್ಲ, ಅಜ್ಜಿ ಸಾಕಿದ ಕೂಸು.

"ಏನ್ ಕಮಾಂಡರ್ ಸಾಹೇಬರೇ, ಸೈನ್ಯ ಎಲ್ಲಾ ಕ್ಷೇಮವಾ?" ಅಂದಳು ಆಯಮ್ಮ, ಅವನನ್ನು ಎದೆಗಪ್ಪಿ ಎತ್ತುತ್ತಾ. ಅವಳ ಮೂಗಿನ ಹತ್ತಿರವೇ ಅವನು ಸಲ್ಯೂಟು ಹೊಡೆದ.

ಪ್ರತಿ ಮಗುವಿನ ಕೊರಳಿಗೂ ಒಂದು ಸಣ್ಣ ಹಲಗೆ. ಅದರ ಮೇಲೆ ಎರಡು ಸಾಲು, ಎಂಟು ಕಾರ್ಡು. ಮೇಲಿನ ಸಾಲಿನಲ್ಲಿ ಹೌದು, ಬೇಡ, ನೀರು, ಊಟ. ಕೆಳಗೆ ಆಟ, ಅಮ್ಮ, ನೋವು, ಬಾತ್‌ರೂಮು. ಪ್ರತಿ ಕಾರ್ಡಿಗೂ ಒಂದು ಚಿತ್ರ, ನೀರಿಗೆ ಲೋಟ, ಬಾತ್‌ರೂಮಿಗೆ ಬಾಗಿಲು. ಹಿಂದೆ ಮಗುವಿನ ನಂಬರು, ಒತ್ತಿದರೆ ಅಂಟುವ ವೆಲ್ಕ್ರೋ ಪಟ್ಟಿ. ಬೇಕಾದ್ದನ್ನು ಮಗು ಬೆರಳಿಟ್ಟು ತೋರಿಸುತ್ತದೆ. ಬಾಯಿ ಇದ್ದವನು ಬರಗಾಲದಲ್ಲೂ ಬದುಕಿದ ಅನ್ನುತ್ತಾರಲ್ಲ, ಆ ಮಕ್ಕಳಿಗೆ ಬಾಯಿ ಅಂದರೆ ಆ ಹಲಗೆಯೇ.

ಅವತ್ತು ಪ್ರಾರ್ಥನೆ ಮುಗಿಯುತ್ತಲೇ ದೊಡ್ಡ ಮೇಡಂ ಆಯಮ್ಮನನ್ನು ಕರೆಸಿದರು. ಅವರ ಮೇಜಿನ ಮೇಲೆ ತಣ್ಣಗೆ ಹನಿಗಟ್ಟಿದ ನೀರಿನ ಬಾಟಲಿ. ಗೋಡೆಗೆ ಹೊಸ ಪಟ್ಟಿ ಅಂಟಿಸಿದ್ದರು. ಮಣಿ ಪೋಣಿಸುವುದು, ಡೋಲು, ಜೇಡಿಮಣ್ಣು, ಬಣ್ಣ, ತೋಟ. ಹನ್ನೆರಡು ವಾರದ ಚಟುವಟಿಕೆ. ಗುರುವಾರ ಗುರುವಾರ ನೋಡುವವರು ಬರುತ್ತಾರೆ. ಕೊನೆಗೆ ಒಂದು ಪ್ರದರ್ಶನ.

"ಹೋದ ಸಲ ಅತಿಥಿಗಳು ಬಂದಾಗ ಏನಾಯ್ತು, ನೆನಪಿದೆಯಾ?"

"ಒಂದು ಮಗು ಒದ್ದೆ ಮಾಡ್ಕೊಳ್ತು ಮೇಡಂ. ಮಕ್ಕಳು ತಾನೇ."

"ಮಕ್ಕಳೇ. ಆದ್ರೆ ಮ್ಯಾಟು ಕೊಟ್ಟೋರ ಕಣ್ಣೆದುರಿಗೇ, ಅವರು ಕೊಟ್ಟ ಮ್ಯಾಟಿನ ಮೇಲೆ! ನೀನು ಓಡಿ ಬಂದು ಎಲ್ಲರ ಮುಂದೆ ಅದರ ಚಡ್ಡಿ ಬಿಚ್ಚೋದು. ಅವರು ಮೂಗಿಗೆ ಕರ್ಚೀಫು ಇಟ್ಕೊಂಡಿದ್ದು ನಾನು ನೋಡ್ದೆ. ಇನ್ನೊಂದು ಸಲ ಹಾಗಾದ್ರೆ ಈ ಬಾಗಿಲು ಮುಚ್ಚಬೇಕಾಗುತ್ತೆ. ಆಗ ನಿನ್ನ ಮಗಳು ಎಲ್ಲಿಗೆ ಹೋಗ್ತಾಳೆ?"

ಆಯಮ್ಮ ನೆಲ ನೋಡಿದಳು.

"ಇವತ್ತಿಂದ ವ್ಯಾನು ಇಳಿದ ಮೇಲೆ ನೀರಿಲ್ಲ. ಊಟದ ಜೊತೆ ಅರ್ಧ ಲೋಟ. ಆಮೇಲೆ ಮನೇಲಿ ಎಷ್ಟು ಬೇಕಾದ್ರೂ ಕುಡೀಲಿ. ಇದು ಶಿಕ್ಷೆ ಅಲ್ಲ, ಅಭ್ಯಾಸ. ದೊಡ್ಡವರು ಉಪವಾಸ ಮಾಡಲ್ವಾ?"

"ಕೇಳ್ತಾರಲ್ಲ ಮೇಡಂ," ಅಂದಳು ಆಯಮ್ಮ. "ದಿನಪೂರ್ತಿ ಕಾರ್ಡು ಮುಟ್ಟಿ ಮುಟ್ಟಿ ಕೇಳ್ತಾರೆ. ಇಲ್ಲ ಅಂತ ಹೆಂಗೆ ಹೇಳೋದು?"

ಮಕ್ಕಳ ಪರವಾಗಿಯೇ ಆಡಿದ ಮಾತು ಅದು. ದೊಡ್ಡ ಮೇಡಂ ಎರಡು ಗಳಿಗೆ ಯೋಚಿಸಿದರು. ಮುಖ ಅರಳಿತು.

"ಹೌದಲ್ಲ! ಒಳ್ಳೇದು ಹೇಳ್ದೆ. ನೀರಿಂದು, ಬಾತ್‌ರೂಮಿಂದು ಎರಡೂ ಕಾರ್ಡು ತೆಗೆದು ಎತ್ತಿಡು. ಕಾಣದಿದ್ರೆ ಕೇಳಲ್ಲ."

ಆಡಿದ ಮಾತು, ಬಿಟ್ಟ ಬಾಣ. ಎರಡೂ ತಿರುಗಿ ಬರುವುದಿಲ್ಲ.

ಊಟದ ಹೊತ್ತಿಗೆ ಮಕ್ಕಳ ಹಲಗೆಗಳನ್ನೆಲ್ಲ ಬಿಚ್ಚಿ ಅವಳು ಉಗ್ರಾಣದ ಮೂಲೆಯಲ್ಲಿ ಕೂತಳು. ಮೊದಲ ಕಾರ್ಡು ಎಳೆದಳು. ಚರ್ರ್ ಅಂತು. ಗಾಯದ ಮೇಲಿನ ಪಟ್ಟಿ ಕಿತ್ತ ಹಾಗೆ. ಮೂವತ್ತನಾಲ್ಕು ಸಲ ಆ ಸದ್ದು ಕೇಳಿದಳು. ಕೊನೆಯ ಹಲಗೆ ಗುಬ್ಬಿಯದು. ಅಲ್ಲಿ ಕೈ ಒಂದು ಕ್ಷಣ ತಡೆಯಿತು. ನನ್ನ ಮಗಳದ್ದು ಬಿಟ್ಟರೆ ಎಲ್ಲರಿಗೂ ಗೊತ್ತಾಗುತ್ತದೆ ಅಂದುಕೊಂಡು ಅದನ್ನೂ ಕಿತ್ತಳು. ಎಲ್ಲವನ್ನೂ ಬಿಸ್ಕತ್ತಿನ ಹಳೆ ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದಳು.

ದೇವರೇ, ಸಂಜೆ ತನಕ ತಾನೇ ಅಂದಳು. ದೇವರು ಏನೂ ಅನ್ನಲಿಲ್ಲ. ಚಾವಣಿ ಟಿಕ್ ಅಂತು.

*

ದೊಡ್ಡ ಮೇಡಂಗೆ ಒಂದು ತಿಳಿದಿರಲಿಲ್ಲ. ಆಯಮ್ಮನಿಗೂ ತಿಳಿದಿರಲಿಲ್ಲ. ಕಾರ್ಡು ಹೋದರೂ ಜಾಗ ಹೋಗುವುದಿಲ್ಲ.

ಮರುದಿನ ಮಣಿ ಪೋಣಿಸುವಾಗ ಕಮಾಂಡರ್ ಬೆರಳು ಮೇಲಿನ ಸಾಲಿಗೆ ಹೋಯಿತು. ಹೌದು, ಬೇಡ, ಅದರ ಪಕ್ಕದ ಬೋಳು ಪಟ್ಟಿ. ಅಲ್ಲಿ ಬೆರಳಿಟ್ಟು ಆಯಮ್ಮನ ಮುಖ ನೋಡಿದ. ಅವಳು ಮಣಿ ಹೆಕ್ಕುವಂತೆ ಬಗ್ಗಿದಳು. ಇನ್ನೊಬ್ಬಳು ಹುಡುಗಿ ಬೆರಳಿಟ್ಟಳು. ಮತ್ತೊಬ್ಬ. ಎರಡನೆ ದಿನಕ್ಕೆ ಹದಿನೇಳು ಮಕ್ಕಳೂ ಆ ಬೋಳು ಜಾಗವನ್ನೇ ಉಜ್ಜುತ್ತಿದ್ದರು. ಒರಟು ಪಟ್ಟಿ. ಸರ ಸರ ಸದ್ದು. ಗೋಡೆಯೊಳಗೆ ಇಲಿ ಕೆರೆದ ಹಾಗೆ.

"ಇದೇನಿದು ಹೊಸ ಚಟ?" ಅಂದರು ಮಿಸ್ಸು. ಹೊಸದಾಗಿ ಸೇರಿದ ಹುಡುಗಿ ಅವರು, ದೊಡ್ಡ ಮೇಡಂ ಕೆಮ್ಮಿದರೂ ಎದ್ದು ನಿಲ್ಲುವವರು. "ಆಯಮ್ಮ, ಯಾಕೆ ಹಿಂಗೆ ಉಜ್ಜುತ್ತಾರೆ?"

"ಗೊತ್ತಿಲ್ಲ ಮಿಸ್."

"ನಿಮಗೆ ಗೊತ್ತಿಲ್ಲದ್ದು ಏನಿದೆ ಇಲ್ಲಿ," ಅಂದರು ಮಿಸ್ಸು. ಆದರೆ ಅಲ್ಲಿಗೇ ಬಿಟ್ಟರು. ಅವರಿಗೂ ಗೊತ್ತಿತ್ತು. ಗೊತ್ತಿದ್ದೂ ಕೇಳಿದವರು ಅವರು, ಗೊತ್ತಿದ್ದೂ ಹೇಳದವಳು ಇವಳು.

ವಾರಗಳು ಉರುಳಿದವು. ಬಿಸಿಲು ಏರಿತು. ಜೇಡಿಮಣ್ಣಿನ ವಾರದಲ್ಲಿ ಒಂದು ಮಗು ಒದ್ದೆ ಮಣ್ಣನ್ನು ತುಟಿಗೆ ಒತ್ತಿಕೊಂಡು ಕೂತಿತು. ಬಣ್ಣದ ವಾರದಲ್ಲಿ ಕಮಾಂಡರ್ ಕುಂಚ ಅದ್ದುವ ಡಬ್ಬಿಯನ್ನು ಬಲಗೈಯಲ್ಲಿ ಎತ್ತಿ, ನೀಲಿ ನೀರನ್ನು ಗಟಗಟ ಕುಡಿದುಬಿಟ್ಟ. ಅವತ್ತು ಗುರುವಾರ. ನೋಡಲು ಬಂದವರು ನಕ್ಕರು. "ಅಯ್ಯೋ ತುಂಟ!" ಅಂದರು. ಅವನ ನೀಲಿ ತುಟಿಯ ಫೋಟೋ ತೆಗೆದರು. ಅವನು ಅವರಿಗೆಲ್ಲ ಸಲ್ಯೂಟು ಹೊಡೆದ. ಮರುದಿನ ಆ ಫೋಟೋ ಗೋಡೆಯ ಮೇಲಿತ್ತು. ನೀಲಿ ತುಟಿಯ ಮಗು ಹಲ್ಲು ಬಿಟ್ಟು ನಗುತ್ತಿತ್ತು. ಆಯಮ್ಮ ಅದರ ಮುಂದೆ ನೆಲ ಒರೆಸುವಾಗ ತಲೆ ಎತ್ತುತ್ತಿರಲಿಲ್ಲ.

ಈಗ ಒಂದು ವಿಷಯ ಮುಚ್ಚಿಡದೆ ಹೇಳಬೇಕು. ಆಯಮ್ಮ ತನ್ನ ಮಗಳಿಗೆ ಮಾತ್ರ ನೀರು ಕೊಡುತ್ತಿದ್ದಳು.

ಹನ್ನೊಂದು ಗಂಟೆಗೆ ಗುಬ್ಬಿಯನ್ನು ಬಾತ್‌ರೂಮಿಗೆ ಕರೆದೊಯ್ದು, ಟವೆಲ್ಲು ನೆನೆಸಿ, ಅವಳ ಬಾಯಿಗೆ ಹಿಂಡುತ್ತಿದ್ದಳು. ಲೋಟ ಒಯ್ದರೆ ಕಾಣುತ್ತದೆ. ಟವೆಲ್ಲು ಯಾರ ಕಣ್ಣಿಗೂ ಬೀಳುವುದಿಲ್ಲ. ಗುಬ್ಬಿ ಮರಿಹಕ್ಕಿಯ ಹಾಗೆ ಬಾಯಿ ತೆರೆದು ನಿಲ್ಲುತ್ತಿದ್ದಳು. ಒಂದು ದಿನ ಹಿಂಡಿ ತಿರುಗಿದರೆ ಬಾಗಿಲು ಅರ್ಧ ತೆರೆದಿದೆ. ಹೊರಗೆ ಗಾಲಿಕುರ್ಚಿಯಲ್ಲಿ ಕಮಾಂಡರ್. ಎಷ್ಟು ಹೊತ್ತಿನಿಂದ ನೋಡುತ್ತಿದ್ದನೋ. ಅವನ ಬಾಯಿಯೂ ತೆರೆದಿತ್ತು. ತುಟಿಯ ಮೂಲೆಯಲ್ಲಿ ಬಿಳಿ ಒಣ ಗೆರೆ.

ಟವೆಲ್ಲಿನಲ್ಲಿ ಇನ್ನೂ ನೀರಿತ್ತು. ಎರಡು ಹೆಜ್ಜೆ ಅಷ್ಟೇ ದೂರ. ಹಜಾರದ ಆ ತುದಿಯಲ್ಲಿ ದೊಡ್ಡ ಮೇಡಂ ಚಪ್ಪಲಿಯ ಸದ್ದು ಬಂತು. ಆಯಮ್ಮ ಟವೆಲ್ಲನ್ನು ಬಕೆಟ್ಟಿಗೆ ಹಾಕಿದಳು.

ಕಮಾಂಡರ್ ಅವಳಿಗೆ ಸಲ್ಯೂಟು ಹೊಡೆದ.

ಅವನು ಕಚ್ಚಿದ್ದರೆ, ಕಿರುಚಿದ್ದರೆ ಆ ರಾತ್ರಿ ಅವಳಿಗೆ ನಿದ್ದೆ ಬರುತ್ತಿತ್ತೇನೋ.

ಏಳನೆ ವಾರ ಅವನ ಅಜ್ಜಿ ಶಾಲೆಗೆ ಬಂದಳು. ಹೊಲಿಗೆ ಅಂಗಡಿಯಲ್ಲಿ ಗುಂಡಿ ಹಾಕುವ ಕೆಲಸ ಅವಳದು. ಬೆರಳ ತುದಿಗಳೆಲ್ಲ ಸೂಜಿ ಚುಚ್ಚಿ ಗಟ್ಟಿ. ಗೇಟಿನ ಹತ್ತಿರವೇ ಆಯಮ್ಮನನ್ನು ತಡೆದು ಹಲಗೆ ಹಿಡಿದಳು.

"ತಾಯಿ, ನಾನು ಓದಿದವಳಲ್ಲ. ಇದೊಂದು ಹೇಳು. ಇಲ್ಲಿ ಏನಿತ್ತು?"

"ಎಲ್ಲಿ ಅಜ್ಜಿ?"

"ಇಲ್ಲಿ. ಬೋಳಾಗಿದೆಯಲ್ಲ. ಮನೆಗೆ ಬಂದ ಕೂಡಲೇ ಇದನ್ನೇ ಉಜ್ಜುತ್ತಾನೆ. ಬೆರಳ ಸಿಪ್ಪೆ ಎದ್ದು ರಕ್ತ ಬಂದಿದೆ, ನೋಡು. ಆಟ ಬೇಕಾ ಅಂದೆ, ಅಲ್ಲ. ಊಟ ಬೇಕಾ ಅಂದೆ, ಅಲ್ಲ. ಅವರಮ್ಮನ್ನ ಕೇಳ್ತಿದ್ದಾನೇನೋ ಅಂತ ಒಂದು ರಾತ್ರಿ ಅತ್ತೆ ನಾನು. ಆಮೇಲೆ ನೋಡಿದ್ರೆ ಅಮ್ಮನ ಕಾರ್ಡು ಕೆಳಗಿದೆ. ಏನಿತ್ತಮ್ಮ ಇಲ್ಲಿ?"

ಆಯಮ್ಮ ತಿರುಗಿ ನೋಡಿದಳು. ಅವಳ ಹಿಂದೆ, ಕಿಟಕಿಯಲ್ಲಿ, ದೊಡ್ಡ ಮೇಡಂ ನಿಂತಿದ್ದರು. ಅದರ ಪಕ್ಕದ ಕಿಟಕಿಯಲ್ಲಿ ಗುಬ್ಬಿ.

"ಏನೋ ಹಳೇ ಚಿತ್ರ ಅಜ್ಜಿ. ಬಿದ್ದುಹೋಗಿರಬೇಕು."

"ಬಿದ್ದುಹೋಯ್ತಾ?"

"ಹ್ಞೂಂ."

ಅಜ್ಜಿ ಅವಳ ಮುಖವನ್ನೇ ನೋಡಿದಳು. ಸೂಜಿಗೆ ದಾರ ಪೋಣಿಸುವವರು ನೋಡುತ್ತಾರಲ್ಲ, ಹಾಗೆ. "ಸಿಕ್ಕಿದ್ರೆ ಕೊಡು ತಾಯಿ," ಅಂದು ಹೊರಟಳು.

*

ಎಂಟನೆ ವಾರದಿಂದ ಕಮಾಂಡರ್ ಬೋಳು ಜಾಗ ಉಜ್ಜುವುದನ್ನು ನಿಲ್ಲಿಸಿದ.

"ನೋಡಿದ್ಯಾ? ಅಭ್ಯಾಸ ಆಯ್ತು," ಅಂದರು ದೊಡ್ಡ ಮೇಡಂ.

ಆಯಮ್ಮನಿಗೆ ಹಾಗನ್ನಿಸಲಿಲ್ಲ. ಅಳುವ ಮಗು ಅಳುತ್ತಿದ್ದರೆ ಭಯವಿಲ್ಲ. ಸುಮ್ಮನಾದರೆ ಭಯ. ಸಂಜೆ ಅಜ್ಜಿ ಲೋಟ ಹಿಡಿದರೂ ಅವನು ಮುಖ ತಿರುಗಿಸುತ್ತಾನಂತೆ. ಉಚ್ಚೆ ಹೊಯ್ಯುವಾಗ ಉರಿ. ಕುಡಿದರೆ ಉರಿ ಅಂತ ಮಗು ತಾನೇ ಲೆಕ್ಕ ಹಾಕಿಕೊಂಡಿತ್ತು.

ಪ್ರದರ್ಶನದ ತಾಲೀಮು ಶುರುವಾಯಿತು. ಮಕ್ಕಳೆಲ್ಲ ಹೂವು. ಮುಖದ ಸುತ್ತ ಕಾಗದದ ಎಸಳು. ಗುಬ್ಬಿ ತೋಟದವಳು. ಕೈಯಲ್ಲಿ ಗಿಡಕ್ಕೆ ನೀರು ಹಾಕುವ ತಗಡಿನ ಕ್ಯಾನು. ಅವಳು ತೂರಾಡುತ್ತ ಬಂದು ಒಬ್ಬೊಬ್ಬರ ಮುಂದೆ ಕ್ಯಾನು ಬಗ್ಗಿಸಬೇಕು. ಬಗ್ಗಿಸಿದಾಗ ಹೂವು ತಲೆ ಎತ್ತಬೇಕು. ಕ್ಯಾನು ಖಾಲಿ. ಮ್ಯಾಟು ಒದ್ದೆಯಾಗಬಾರದಲ್ಲ.

ಕಮಾಂಡರ್ ಸೂರ್ಯಕಾಂತಿ. ಹನ್ನೆರಡನೆ ವಾರದ ಒಂದು ದಿನ ಗುಬ್ಬಿ ಮೂರು ಸಲ ಕ್ಯಾನು ಬಗ್ಗಿಸಿದರೂ ಅವನು ತಲೆ ಎತ್ತಲಿಲ್ಲ. ಹಣೆ ಮುಟ್ಟಿದರೆ ಕಾದ ಹೆಂಚು. ಬೆರಳು ಕೆಳಗಿನ ಸಾಲಿನಲ್ಲಿತ್ತು. ನೋವು. ನೋವು. ನೋವು.

ಬಾತ್‌ರೂಮಿಗೆ ಹೊತ್ತೊಯ್ದ ಆಯಮ್ಮ ಓಡಿ ಬಂದಳು. "ಮೇಡಂ, ಆ ಮಗುವಿನ ಉಚ್ಚೆ ಡಿಕಾಕ್ಷನ್ ಥರ ಬರ್ತಿದೆ. ಮೈ ಸುಡ್ತಿದೆ. ಡಾಕ್ಟರಿಗೆ ತೋರಿಸ್ಬೇಕು."

"ಅವರ ಮನೇಲಿ ಸರಿಯಾಗಿ ನೋಡ್ಕೊಳ್ಳಲ್ಲ. ಅಜ್ಜಿಗೆ ಹೇಳ್ತೀನಿ. ಮತ್ತೆ ಕೇಳು, ನೋವಿನ ಕಾರ್ಡನ್ನೂ ತೆಗೆದಿಡು. ಒಬ್ಬ ಮುಟ್ಟಿದ ಅಂತ ಎಲ್ಲರೂ ಮುಟ್ಟುತ್ತಿದ್ದಾರೆ. ಅತಿಥಿಗಳ ಮುಂದೆ ಎಲ್ಲರೂ ನೋವು ನೋವು ಅಂದ್ರೆ ಚೆನ್ನಾಗಿರುತ್ತಾ?"

ಆಯಮ್ಮ ತಲೆ ಎತ್ತಿದಳು.

"ಅದನ್ನ ತೆಗೆಯಲ್ಲ ಮೇಡಂ."

"ಏನಂದೆ?"

"ತೆಗೆಯಲ್ಲ."

ಐದು ವರ್ಷದಲ್ಲಿ ಮೊದಲ ಸಲ ಅವಳ ಬಾಯಿಂದ ಆ ಮಾತು ಬಂತು. ಅವಳಿಗೇ ಆಶ್ಚರ್ಯ. ದೊಡ್ಡ ಮೇಡಂ ಸಿಟ್ಟಾಗಲಿಲ್ಲ. ಬಾಟಲಿ ಎತ್ತಿ ಎರಡು ಗುಟುಕು ಕುಡಿದು, ಮುಚ್ಚಳ ತಿರುಗಿಸಿ ಬಿಗಿ ಮಾಡಿದರು.

"ಸರಿ. ಪ್ರದರ್ಶನ ಮುಗೀಲಿ. ನಿನ್ನ ವಿಷಯ, ನಿನ್ನ ಮಗಳ ವಿಷಯ, ಎರಡೂ ಕೂತು ಮಾತಾಡೋಣ."

ಮರುದಿನ ಕಮಾಂಡರ್ ಬರಲಿಲ್ಲ. ಅದರ ಮರುದಿನವೂ ಇಲ್ಲ. ಪ್ರದರ್ಶನದ ಬೆಳಿಗ್ಗೆ ಪೈಲಟ್ ವ್ಯಾನಿನ ಬಾಗಿಲು ಎಳೆದ. ವಿಮಾನ, ಪ್ರಯಾಣಿಕರು, ಏನೂ ಕೂಗಲಿಲ್ಲ.

"ಏನಪ್ಪ ಪೈಲಟ್, ಬಾಯಿ ಬಿದ್ದುಹೋಯ್ತಾ?"

"ಅಕ್ಕ, ಕಮಾಂಡರ್ ಆಸ್ಪತ್ರೆಲಿದ್ದಾನೆ. ನಿನ್ನೆ ಸಂಜೆ ನೋಡ್ಕೊಂಡು ಬಂದೆ. ಉಚ್ಚೇಲಿ ರಕ್ತವಂತೆ. ಸೋಂಕು ಮೂತ್ರಪಿಂಡಕ್ಕೆ ಏರಿದೆಯಂತೆ. ಡಾಕ್ಟರು ಅಜ್ಜಿಗೆ ಬೈದ್ರು, ಈ ಮಗೂಗೆ ನೀರೇ ಕೊಡಲ್ವೇನಮ್ಮ ಅಂತ. ಅಜ್ಜಿ ಸುಮ್ನೆ ನಿಂತು ಬೈಸಿಕೊಂಡ್ಳು." ಅವನು ಸ್ಟೇರಿಂಗಿನ ಮೇಲೆ ಕೈ ಇಟ್ಟು ಮುಂದೆ ನೋಡಿದ. "ನನಗೆ ಸಲ್ಯೂಟು ಹೊಡೀಲಿಲ್ಲ ಅಕ್ಕ. ನೋಡ್ದ. ಹೊಡೀಲಿಲ್ಲ."

ಆಯಮ್ಮ ಹದಿನೈದು ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಇಳಿಸಿದಳು. ಎಲ್ಲರೂ ಹಗುರವಾಗಿದ್ದರು. ಆ ಹಗುರ ಅವಳ ತೋಳಿಗೆ ಭಾರವಾಯಿತು.

*

ಹತ್ತು ಗಂಟೆಗೆ ಸಭಾಂಗಣ ತುಂಬಿತ್ತು. ಮುಂದಿನ ಸಾಲಿನಲ್ಲಿ ಮ್ಯಾಟು ಕೊಟ್ಟವರು. ನಡುವೆ ಕೋಟು ತೊಟ್ಟ ಮುಖ್ಯ ಅತಿಥಿ. ಪ್ರತಿ ಕುರ್ಚಿಯ ಪಕ್ಕದಲ್ಲೂ ಒಂದೊಂದು ನೀರಿನ ಬಾಟಲಿ. ಹದಿನಾರು ಮಕ್ಕಳಲ್ಲಿ ಗುಬ್ಬಿ ಬಿಟ್ಟು ಹದಿನೈದು ಹೂವು, ಅರ್ಧ ವೃತ್ತದಲ್ಲಿ ಕೂತಿದ್ದವು. ಎಸಳುಗಳ ನಡುವೆ ಸಣ್ಣ ಸಣ್ಣ ಒಣ ಮುಖ. ಫ್ಯಾನಿನ ಗಾಳಿಗೆ ಎಸಳು ಅಲುಗುತ್ತಿತ್ತು, ಮಕ್ಕಳು ಅಲುಗುತ್ತಿರಲಿಲ್ಲ. ಎಲ್ಲರ ಕಣ್ಣೂ ಆ ಬಾಟಲಿಗಳ ಮೇಲೆ.

ಆಯಮ್ಮ ಹಿಂದುಗಡೆ ನಲ್ಲಿಯ ಮುಂದೆ ನಿಂತಿದ್ದಳು. ಕ್ಯಾನು ಕೈಯಲ್ಲಿತ್ತು. ಮನಸ್ಸಿನಲ್ಲಿ ಮಂಚದ ಕಾಲು ಬಂತು. ಮೆತ್ತನೆ ಹಗ್ಗ ಬಂತು. ನಾಳೆಯಿಂದ ಮತ್ತೆ ಅದೇ. ದೇವರೇ, ನೀನೇ ಹೇಳು ಅಂದಳು. ದೇವರು ಯಾವಾಗಲೂ ಮಾಡುವ ಹಾಗೆ ಅವಳ ಕೈಗೇ ಬಿಟ್ಟ. ಕೈ ನಲ್ಲಿ ತಿರುಗಿಸಿತು.

ತಳಕ್ಕೆ ನೀರು ಬಿದ್ದು ತಗಡು ಗಣಗಣ ಅಂತು. ಆಮೇಲೆ ಸದ್ದು ದಪ್ಪವಾಯಿತು. ಆಮೇಲೆ ಸದ್ದಿಲ್ಲ. ತುಂಬಿತ್ತು.

ಸಂಗೀತ ಹಾಕಿದರು. ಆಯಮ್ಮ ಕ್ಯಾನನ್ನು ತಾನೇ ಮಗಳ ಪಕ್ಕದವರೆಗೆ ಹೊತ್ತು, ಅವಳ ಕೈಯ ಮೇಲೆ ತನ್ನ ಕೈ ಇಟ್ಟಳು. ಭಾರಕ್ಕೆ ಗುಬ್ಬಿ ತಿರುಗಿ ಅಮ್ಮನನ್ನು ನೋಡಿದಳು.

"ಹೋಗು ಪುಟ್ಟಿ. ಎಲ್ಲರಿಗೂ ಹಾಕು."

ತಾಯಿ ಮಗಳು ಇಬ್ಬರೂ ಕ್ಯಾನು ಹಿಡಿದು ಮೊದಲ ಹೂವಿನ ಮುಂದೆ ಬಂದರು. ಬಗ್ಗಿಸಿದರು. ನಿಜವಾದ ನೀರು ಬಿತ್ತು. ಆ ಹುಡುಗ ಒಂದು ಕ್ಷಣ ಬೆಚ್ಚಿದ. ಆಮೇಲೆ ಬಾಯಿ ತೆರೆದ.

ಜನ ಚಪ್ಪಾಳೆ ತಟ್ಟಿದರು. ಆಹಾ, ಎಷ್ಟು ಚೆನ್ನಾಗಿ ಮಾಡಿಸಿದ್ದಾರೆ ಅಂತ.

ಎರಡನೆ ಮಗು ಕ್ಯಾನಿನ ಮೂತಿಯನ್ನೇ ಬಾಯಿಗೆ ಎಳೆದುಕೊಂಡಿತು. ಬಿಡಲಿಲ್ಲ. ಮೂರನೆಯವಳು ತನ್ನ ಸರದಿ ಬರುವ ಮೊದಲೇ ಕೂಗತೊಡಗಿದಳು. ಕುರ್ಚಿಗಳು ಒಂದಕ್ಕೊಂದು ಡಿಕ್ಕಿ ಹೊಡೆದವು. ನಡೆಯಬಲ್ಲವನೊಬ್ಬ ಮ್ಯಾಟಿನ ಮೇಲೆ ಬಿದ್ದ. ಏಳಲಿಲ್ಲ. ಅಲ್ಲಿ ನಿಂತ ನೀರಿಗೆ ಬಾಯಿ ಹಚ್ಚಿ ಹೀರತೊಡಗಿದ. ಒದ್ದೆಯಾದ ಕಾಗದದ ಎಸಳುಗಳು ಕಳಚಿ ಬಿದ್ದವು.

ಚಪ್ಪಾಳೆ ಒಂದೊಂದಾಗಿ ನಿಂತಿತು. ಕೊನೆಗೆ ಗುಟುಕು ಗುಟುಕು ಕುಡಿಯುವ ಸದ್ದು ಮಾತ್ರ ಉಳಿಯಿತು.

"ಏನ್ರೀ ಇದು?" ಅಂದರು ಕೋಟಿನವರು. "ಈ ಮಕ್ಕಳಿಗೆ ನೀರು ಕೊಟ್ಟಿಲ್ವಾ?"

"ಇಲ್ಲ ಸಾರ್, ಇದೆಲ್ಲ ನಾಟಕದ್ದೇ..." ದೊಡ್ಡ ಮೇಡಂ ಎದ್ದರು. ಆಯಮ್ಮನ ತೋಳು ಹಿಡಿದು ಮೆಲ್ಲಗೆ, ಹಲ್ಲುಗಳ ನಡುವಿನಿಂದ ಕೇಳಿದರು. "ಯಾರು ತುಂಬಿದ್ದು?"

ಆಯಮ್ಮ ಮೆಲ್ಲಗೆ ಹೇಳಲಿಲ್ಲ.

"ನಾನು ತುಂಬಿದ್ದು. ಕಿತ್ತಿದ್ದೂ ನಾನೇ. ನೀವು ಹೇಳಿದ್ರಿ, ನಾನು ಕಿತ್ತೆ."

ಬಿಸ್ಕತ್ತಿನ ಡಬ್ಬಿ ತಂದು ಮ್ಯಾಟಿನ ಮೇಲೆ ಮಗುಚಿದಳು. ಕಾರ್ಡುಗಳು ನೀರಿನಲ್ಲಿ ಬಿದ್ದವು. ಲೋಟದ ಚಿತ್ರ, ಬಾಗಿಲಿನ ಚಿತ್ರ.

"ಹನ್ನೆರಡು ವಾರ ಸಾರ್. ಬೆಳಿಗ್ಗೆಯಿಂದ ಸಂಜೆ ತನಕ ಅರ್ಧ ಲೋಟ. ಇವರು ನೀರು ಕೇಳಬಾರದು ಅಂತ ಇವರ ಬಾಯಿ ಕಿತ್ತು ಡಬ್ಬೀಲಿ ಇಟ್ಟಿದ್ದೆ. ನಿಮ್ಮ ಮ್ಯಾಟು ಒದ್ದೆ ಆಗಬಾರದಿತ್ತು. ಇವತ್ತು ಆಗಿದೆ. ನೋಡ್ಕೊಳ್ಳಿ."

ಮುಂದಿನ ಸಾಲಿನ ಒಬ್ಬ ಹೆಂಗಸು ತನ್ನ ಬಾಟಲಿಯನ್ನು ಕುರ್ಚಿಯ ಕೆಳಗೆ ತಳ್ಳಿದಳು.

"ನಿನ್ನ ಮಗಳನ್ನ ಕರ್ಕೊಂಡು ಹೊರಡು," ಅಂದರು ದೊಡ್ಡ ಮೇಡಂ. "ಈಗಲೇ. ನಾಳೆಯಿಂದ ಇಬ್ಬರೂ ಬರೋದು ಬೇಡ."

"ಹೊರಡ್ತೀನಿ. ಕ್ಯಾನಲ್ಲಿ ಇನ್ನೂ ನೀರಿದೆ. ಆರು ಮಕ್ಕಳು ಬಾಕಿ."

ಆರೂ ಮಕ್ಕಳಿಗೆ ಕುಡಿಸಿ ಕ್ಯಾನು ಕೆಳಗಿಟ್ಟಳು. ಆಮೇಲೆ ಬಗ್ಗಿ, ಕಾರ್ಡುಗಳ ನಡುವೆ ಹುಡುಕಿ ಎರಡನ್ನು ಆರಿಸಿದಳು. ಹಿಂದೆ ಕಮಾಂಡರ್‌ನ ನಂಬರು ಬರೆದಿತ್ತು, ಹದಿನಾಲ್ಕು. ಒರೆಸಿ ಎದೆಯೊಳಗೆ ಇಟ್ಟುಕೊಂಡಳು. ಬಾಗಿಲ ಹತ್ತಿರ ತಿರುಗಿ ನೋಡಿದರೆ ಮಿಸ್ಸು ಮ್ಯಾಟಿನ ಮೇಲೆ ಮೊಣಕಾಲೂರಿದ್ದರು. ದೊಡ್ಡ ಮೇಡಂ ಕಡೆ ನೋಡದೆ ಒಂದೊಂದೇ ಕಾರ್ಡು ಎತ್ತಿ, ಬಟ್ಟೆಗೆ ಒರೆಸಿ, ಒಂದೊಂದೇ ಹಲಗೆಗೆ ಅಂಟಿಸುತ್ತಿದ್ದರು.

*

ಆಸ್ಪತ್ರೆಯ ವಾರ್ಡಿನಲ್ಲಿ ಹಸಿರು ಬಣ್ಣ ಬಳಿದ ಗೋಡೆ, ಕಬ್ಬಿಣದ ಮಂಚಗಳು. ಕೊನೆಯ ಮಂಚದಲ್ಲಿ ಕಮಾಂಡರ್. ಮುಖ ಊದಿತ್ತು. ಕಾಲಿಗೆ ಡ್ರಿಪ್ಪು. ಬಲಗೈ ಬಿಟ್ಟಿದ್ದರು, ಅದೊಂದೇ ಅವನದು ಅಂತ ಅಜ್ಜಿ ಬೇಡಿಕೊಂಡಿದ್ದಳಂತೆ. ಹಲಗೆ ದಿಂಬಿನ ಪಕ್ಕದಲ್ಲಿತ್ತು.

ಅಜ್ಜಿ ಎದ್ದಳು. ಆಯಮ್ಮ ಕಾರ್ಡು ತೆಗೆದು ಎರಡೂ ಕೈಯಲ್ಲಿ ಹಿಡಿದಳು.

"ಇಲ್ಲಿ ಏನಿತ್ತು ಅಂತ ಕೇಳಿದ್ರಿ ಅಜ್ಜಿ. ನೀರಿತ್ತು. ಬಿದ್ದುಹೋಗಿರಲಿಲ್ಲ. ನಾನೇ ಕಿತ್ತಿದ್ದು. ನೀವು ಕೇಳಿದಾಗ ಸುಳ್ಳು ಹೇಳಿದೆ. ನನ್ನ ಮಗಳಿಗೆ ಕದ್ದು ಕುಡಿಸಿದೆ, ನಿಮ್ಮ ಮಗು ನೋಡ್ತಾ ಇತ್ತು, ಅದಕ್ಕೆ ಕೊಡಲಿಲ್ಲ."

ಅಜ್ಜಿ ಕಾರ್ಡು ನೋಡಿದಳು. ಆಯಮ್ಮನನ್ನು ನೋಡಿದಳು. ಅವಳ ಸೂಜಿ ಚುಚ್ಚಿದ ಬೆರಳುಗಳು ಮುಷ್ಟಿಯಾದವು, ಬಿಚ್ಚಿಕೊಂಡವು.

"ನಿನ್ನ ಆಮೇಲೆ ಬೈತೀನಿ," ಅಂದಳು. "ಬೈಯೋದು ತುಂಬಾ ಇದೆ. ಮೊದಲು ಅಂಟಿಸು."

ಆಯಮ್ಮ ಹಲಗೆಯನ್ನು ಅವನ ಎದೆಯ ಮೇಲಿಟ್ಟಳು. ಮೊದಲು ಬಾಗಿಲಿನ ಕಾರ್ಡನ್ನು ಕೆಳಗಿನ ಸಾಲಿಗೆ ಸೇರಿಸಿದಳು. ಆಮೇಲೆ ಲೋಟದ ಕಾರ್ಡು. ಮೇಲಿನ ಸಾಲು. ಹೌದು, ಬೇಡ, ಅದರ ಪಕ್ಕ. ಉಜ್ಜಿ ಉಜ್ಜಿ ಪಟ್ಟಿಯ ನಾರು ಸವೆದಿತ್ತು. ಒತ್ತಿ ಹಿಡಿದಳು. ಕೀಳುವಾಗ ಬಂದ ಸದ್ದು ಅಂಟಿಸುವಾಗ ಬರಲಿಲ್ಲ.

ಕಮಾಂಡರ್ ಕಣ್ಣು ತೆರೆದು ನೋಡಿದ. ಸಲ್ಯೂಟು ಹೊಡೆಯಲಿಲ್ಲ. ಕಾರ್ಡಿನ ಮೇಲೆ ಬೆರಳೂ ಇಡಲಿಲ್ಲ. ಬಹಳ ಹೊತ್ತಿನ ಮೇಲೆ ಬಲಗೈ ಎತ್ತಿ, ಇಡೀ ಅಂಗೈಯಿಂದ ಅದನ್ನು ಮುಚ್ಚಿಕೊಂಡ. ಮತ್ತೆ ಯಾರೂ ಕೀಳದ ಹಾಗೆ.

ಅಜ್ಜಿ ಲೋಟ ತೆಗೆದುಕೊಂಡಳು. ಗುಬ್ಬಿ ಮಂಚದ ಕಾಲು ಹಿಡಿದು ನಿಂತು ನೋಡುತ್ತಿದ್ದಳು. ಮೊದಲನೆ ಚಮಚ ಅವನ ತುಟಿಯ ಮೂಲೆಯಿಂದ ಹೊರಗೆ ಹರಿದು ದಿಂಬು ಒದ್ದೆಯಾಯಿತು. ಯಾರೂ ಒರೆಸಲು ಹೋಗಲಿಲ್ಲ. ಎರಡನೆಯದು ಗಂಟಲಲ್ಲಿ ಇಳಿಯಿತು.